ಬಾಗಿಲ ಮೇಲಿನ ಅಂಗೈ

ಜನವರಿ ೧೧

ಪ್ರೀತಿಯ ದೊಡ್ಡಮ್ಮ,

ಮೊದಲು ಕುಳಿತುಕೋ. ನಿಂತು ಓದಿದರೆ ಸಂತೋಷಕ್ಕೆ ತಲೆ ತಿರುಗಿ ಬೀಳುತ್ತೀಯ, ಆಮೇಲೆ ಅಮ್ಮ ನನ್ನ ಮೇಲೆ ಹರಿಹಾಯುತ್ತಾಳೆ. ಸಿಕ್ಕಿತು! ಕೆಲಸವಲ್ಲ, ಟ್ರಯಲ್. ಹುಬ್ಬು ಗಂಟಿಕ್ಕಬೇಡ, ಇಲ್ಲಿಗೇ ಕಾಣುತ್ತಿದೆ.

ಟ್ರಯಲ್ ಎಂದರೆ ಏನೆಂದು ಹೋದ ಸಲವೇ ಬರೆದಿದ್ದೆ. ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ಸಂಬಳವಿಲ್ಲದೆ ಮಾಡಿಸಿ ನೋಡುವುದು. ವಿಡಿಯೊ ಕಂಪನಿಗಳೆಲ್ಲ ಹೀಗೇ. ಮೊದಲನೆಯ ಕಡೆ ಇಡೀ ದಿನ ಲೈಟಿನ ಸ್ಟ್ಯಾಂಡು ಹೊರಿಸಿ, ಸಂಜೆ ‘ಎಡಿಟಿಂಗ್‌ಗೆ ಸದ್ಯ ಯಾರೂ ಬೇಡ’ ಎಂದರು. ಎರಡನೆಯ ಕಡೆ ಯಾರೋ ಮ್ಯಾನೇಜರರ ಭಾಷಣದಿಂದ ಕೆಮ್ಮನ್ನೆಲ್ಲ ಕತ್ತರಿಸಿ ತೆಗೆಯಲು ಕೊಟ್ಟರು. ತೆಗೆದುಕೊಟ್ಟೆ. ನಿಜ ಹೇಳಬೇಕೆಂದರೆ ಭಾಷಣಕ್ಕಿಂತ ಕೆಮ್ಮೇ ಸ್ವಾರಸ್ಯವಾಗಿತ್ತು. ಫೋನ್ ಮಾಡುತ್ತೇವೆ ಎಂದರು. ಆ ಫೋನು ಇನ್ನೂ ದಾರಿಯಲ್ಲಿದೆ.

ಆದರೆ ಇದು ಬೇರೆ! ಇದು ನಿಜವಾದ ಜಾಹೀರಾತು. ನಾಲ್ಕನೇ ಮಹಡಿಯಲ್ಲಿ ಆಫೀಸು, ನಡುವೆ ಗಾಜಿನ ಕೋಣೆ, ಒಳಗೆ ಕೂಗಿಕೊಂಡರೂ ಹೊರಗೆ ಪಿಟ್ಟೆನ್ನುವುದಿಲ್ಲ. ಯಜಮಾನರನ್ನು ಎಲ್ಲರೂ ‘ಚೀಫ್’ ಎನ್ನುತ್ತಾರೆ. ಎಡಿಟಿಂಗ್ ಮಾಡುವವರು ಒಬ್ಬರೇ, ಕಿವಿಯಿಂದ ಹೆಡ್‌ಫೋನ್ ಕಳಚಿದ್ದನ್ನು ನಾನಿನ್ನೂ ನೋಡಿಲ್ಲ. ಅವರಿಗೆ ‘ಹೆಡ್‌ಫೋನ್ ಅಣ್ಣ’ ಎಂದು ನಾನೇ ಹೆಸರಿಟ್ಟೆ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಖಾಲಿ ಇದೆ. ಆ ಕುರ್ಚಿ ನನಗಾಗಿಯೇ ಹುಟ್ಟಿದೆ ದೊಡ್ಡಮ್ಮ, ಚಕ್ರ ಕೂಡ ಕೀಚಲಿಡುವುದಿಲ್ಲ.

ಬೀಗ ತಯಾರಿಸುವವರ ಅರ್ಧ ನಿಮಿಷದ ಚಿತ್ರ. ಮಗನ ಸಂಸಾರ ಪ್ರವಾಸ ಹೊರಡುತ್ತದೆ, ಅಜ್ಜಿ ಮನೆಯಲ್ಲಿ ಉಳಿಯುತ್ತಾಳೆ, ಟಾಟಾ ಮಾಡಿ ಒಳಗೆ ಬಂದು ಬಾಗಿಲಿಗೆ ಬೀಗ ಹಾಕಿಕೊಂಡು ನಿಶ್ಚಿಂತೆಯಾಗಿ ಕೂರುತ್ತಾಳೆ. ಅಷ್ಟೇ. ಶೂಟಿಂಗ್ ಮಾಡಿದ ರಾಶಿಯನ್ನೆಲ್ಲ ಕೈಗೆ ಕೊಟ್ಟು ‘ಕಟ್ ಮಾಡು, ನೋಡೋಣ’ ಎಂದಿದ್ದಾರೆ. ಒಂದೇ ತೊಂದರೆ. ಅಜ್ಜಿ ಬೀಗ ಹಾಕುವ ಹತ್ತಿರದ ಶಾಟ್ ಇದೆಯಲ್ಲ, ಮುಖ್ಯವಾದದ್ದೇ ಅದು, ಅದೇ ಮಸುಕು. ಮದುಮಗನೇ ಇಲ್ಲದ ಮದುವೆ! ಭಾನುವಾರ ನಿನ್ನಲ್ಲಿಗೆ ಬರುತ್ತೇನೆ. ನಿನ್ನ ಕಣ್ಣು ಬೇಕು. ಶಬ್ದವಿಲ್ಲದೆ ನೋಡಿದಾಗಲೂ ನಿನಗೆ ಅರ್ಥವಾದರೆ ನನ್ನ ಕಟ್ ಸರಿ ಇದೆ ಎಂದರ್ಥ.

ಅಪ್ಪನ ಗಡುವು ನೆನಪಿದೆ. ಏಪ್ರಿಲ್ ಮುಗಿಯುವುದರೊಳಗೆ ಕೆಲಸ ಸಿಗದಿದ್ದರೆ ಮಾವನ ಟೈಲ್ಸ್ ಅಂಗಡಿಯ ಕೌಂಟರ್. ಬಚ್ಚಲಿಗೆ ನೀಲಿಯೋ ಬೂದಿಯೋ ಎಂದು ಕೇಳುತ್ತ ಜೀವನ ಸವೆಸಬೇಕು. ಆ ದಿನ ಬರುವುದಿಲ್ಲ, ನೋಡುತ್ತಿರು.

ನಿನ್ನ
ತರಲೆ


ಜನವರಿ ೧೯

ತರಲೆಗೆ ದೊಡ್ಡಮ್ಮನ ಆಶೀರ್ವಾದ.

ನೀನು ಹೋದ ಮೇಲೆ ಕೆಳಮನೆಯವಳು ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಬೆಳಗಿನಿಂದ ಬಾಗಿಲಿಗೆ ಬೀಗ ಹಾಕುತ್ತ, ತೆಗೆಯುತ್ತ, ಮತ್ತೆ ಹಾಕುತ್ತ ನಿಂತಿದ್ದೆನಲ್ಲ, ನನಗೆ ಏನೋ ಆಗಿದೆ ಎಂದುಕೊಂಡಳಂತೆ. ನೀನು ಫೋನು ಹಿಡಿದು ನೆಲದ ಮೇಲೆ ಮಲಗಿದ್ದದ್ದು ಅವಳಿಗೆ ಕಾಣಿಸಿರಲಿಲ್ಲ. ಕಂಡಿದ್ದರೆ ನಿನ್ನ ಹಣೆಯನ್ನೂ ಮುಟ್ಟುತ್ತಿದ್ದಳು.

ಬೀಗ ಹಾಕುವಾಗ ಇನ್ನೊಂದು ಕೈ ಬಾಗಿಲ ಮೇಲೆ ಯಾಕೆ ಇಡುತ್ತೀಯ ಎಂದು ನೀನು ಕೇಳಿದೆ. ನಾನು ಯಾವಾಗಲೂ ಹಾಗೆಯೇ ಹಾಕುವುದು, ಅದರಲ್ಲೇನು ವಿಶೇಷ? ನಿಮಗೆಲ್ಲ ‘ಟಕ್’ ಎಂದು ಕೇಳಿಸುತ್ತದಂತೆ. ನನ್ನ ಕಿವಿಗಳನ್ನು ಗಿರಣಿಯ ಮಗ್ಗಗಳು ಎಂದೋ ನುಂಗಿ ನೀರು ಕುಡಿದಿವೆ. ಬೀಗ ಬಿತ್ತೋ ಇಲ್ಲವೋ ಎಂದು ಅಂಗೈಗೆ ಸಣ್ಣ ಪೆಟ್ಟು ಬಿದ್ದಂತೆ ತಿಳಿಯುತ್ತದೆ. ಅದಕ್ಕೇ ನೀನು ಕಣ್ಣಲ್ಲಿ ನೀರು ತುಂಬಿಕೊಂಡು ‘ಇದೇ ಶಾಟ್!’ ಎಂದು ಕುಣಿದೆ. ಈಗಿನ ಮಕ್ಕಳ ಲೆಕ್ಕ ನನಗೆ ಗೊತ್ತಾಗುವುದಿಲ್ಲ. ನನ್ನ ಸೊಟ್ಟ ಕಿರುಬೆರಳು ಕಾಣದ ಹಾಗೆ ತೆಗೆದೆಯೋ ಇಲ್ಲವೋ? ಮಗ್ಗಕ್ಕೆ ಸಿಕ್ಕಿ ಮುರಿದದ್ದು, ಚೆನ್ನಾಗಿ ಕಾಣುವುದಿಲ್ಲ.

ನೀನು ಕತ್ತರಿಸಿ ಜೋಡಿಸಿದ್ದು ಮೊದಲ ಸಲಕ್ಕಿಂತ ಎರಡನೇ ಸಲ ಚೆನ್ನಾಯಿತು. ಮೊದಲ ಸಲ ಅಜ್ಜಿ ಊರಿಗೆ ಹೊರಟಿದ್ದಾಳೆ ಎಂದೇ ನಾನು ತಿಳಿದಿದ್ದೆ. ಮತ್ತೆ ಆ ಮಗನ ಪಾತ್ರದವನು ಟಾಟಾ ಮಾಡುತ್ತ ಹಲ್ಲು ಬಿಡುತ್ತಾನಲ್ಲ, ಅವನು ಹೇಳುತ್ತಿರುವುದು ‘ಹೋಗಿ ಬರ್ತೀನಮ್ಮ’ ಎಂದಲ್ಲ, ‘ಈ ಬೂಟು ಕಚ್ತಾ ಇದೆ’ ಎಂದು. ತುಟಿ ನೋಡಿದರೆ ಗೊತ್ತಾಗುತ್ತದೆ. ಗಿರಣಿಯ ಗದ್ದಲದಲ್ಲಿ ಇಡೀ ಆಯುಷ್ಯ ತುಟಿ ನೋಡಿಯೇ ಹರಟೆ ಹೊಡೆದವರು ನಾವು. ಆ ತುಟಿಯಾಡುವಷ್ಟನ್ನು ತೆಗೆದುಬಿಡು ಎಂದೆ, ನೀನೂ ತೆಗೆದೆ. ಒಳ್ಳೆಯದಾಯಿತು.

ಒಂದು ಮಾತು. ಹಣ್ಣಿನ ಅಂಗಡಿಯವನು ರುಚಿ ನೋಡಲು ಒಂದು ತೊಳೆ ಕೊಡುತ್ತಾನೆ, ಬುಟ್ಟಿ ಕೊಡುವುದಿಲ್ಲ. ನೀನು ಬುಟ್ಟಿಯನ್ನೇ ಹೊತ್ತುಕೊಂಡು ಹೋಗಿ ಕೊಡುತ್ತಿದ್ದೀಯ. ಬುದ್ಧಿ ಹೇಳಿದರೆ ಮುಖ ಊದಿಸುತ್ತೀಯ, ಅದಕ್ಕೇ ಇಷ್ಟಕ್ಕೆ ನಿಲ್ಲಿಸಿದೆ.

ಇಂತಿ
ದೊಡ್ಡಮ್ಮ


ಜನವರಿ ೨೪

ದೊಡ್ಡಮ್ಮಾ!

ಕೊಟ್ಟೆ! ಚೀಫ್ ನೋಡಿದರು! ಎರಡು ಸಲ ನೋಡಿದರು! ನೋಡುವಾಗ ಪೆನ್ನಿನಿಂದ ಮೇಜು ಕುಟ್ಟುತ್ತಿದ್ದರು, ಅಜ್ಜಿ ಬಾಗಿಲಿಗೆ ಬಂದಾಗ ಕುಟ್ಟುವುದು ನಿಂತುಹೋಯಿತು. ಹೆಡ್‌ಫೋನ್ ಅಣ್ಣ ಮೊದಲ ಬಾರಿಗೆ ಒಂದು ಕಿವಿಯನ್ನು ಹೊರಗೆ ತೆಗೆದು, “ಚೆನ್ನಾಗಿದೆ ಕಣಮ್ಮ” ಎಂದರು. ಚೀಫ್ ಮಾತ್ರ, “ನೋಡಿ ಹೇಳ್ತೀವಿ. ಹಾರ್ಡ್ ಡಿಸ್ಕ್ ಇಲ್ಲೇ ಬಿಟ್ಟು ಹೋಗು” ಎಂದರು. ಅವರ ಮುಖ ಆರಕ್ಕೇರುವುದಿಲ್ಲ, ಮೂರಕ್ಕಿಳಿಯುವುದಿಲ್ಲ. ಆದರೆ ಕುಟ್ಟುವುದು ನಿಂತಿತಲ್ಲ! ಮೆಟ್ಟಿಲು ಇಳಿಯುವಾಗ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಬಸ್ ಹತ್ತಿ ಕುಳಿತ ಮೇಲೆ ಎದೆ ಧಸಕ್ಕೆಂದಿತು. ನಿನ್ನ ಕೈ! ನಿನ್ನ ಶಾಟನ್ನು ಸುಮ್ಮನೆ ಜಾಗ ತುಂಬಲು ಹಾಕಿದ್ದೆ. ಕೊಡುವ ಮೊದಲು ಅದನ್ನು ತೆಗೆದು, ‘ಇಲ್ಲಿ ಬೀಗದ ಶಾಟ್ ಮತ್ತೆ ತೆಗೆಯಬೇಕು’ ಎಂದು ಬರೆದಿಡಬೇಕೆಂದಿದ್ದೆ. ಮರೆತೇಬಿಟ್ಟೆ. ದೊಡ್ಡ ಕ್ಯಾಮೆರಾದ ಚಿತ್ರಗಳ ನಡುವೆ ನನ್ನ ಫೋನಿನ ಚಿತ್ರ, ನಿನ್ನ ಮನೆಯ ಬಾಗಿಲು, ನಿನ್ನ ಸೊಟ್ಟ ಕಿರುಬೆರಳು! ಪುಣ್ಯಕ್ಕೆ ಬಾಗಿಲ ಬಣ್ಣ ಎರಡೂ ಕಂದು. ಅವರಿಗೆ ಗೊತ್ತಾಗಲಿಲ್ಲ ಎಂದು ಕಾಣುತ್ತದೆ. ಅಥವಾ ಗೊತ್ತಾಗಿ ಒಳಗೊಳಗೇ ನಗುತ್ತಿದ್ದರೋ? ನಾಳೆಯೇ ಹೇಳಿಬಿಡಲೇ? ಬೇಡ ಎನ್ನಿಸುತ್ತದೆ. ಕೆಲಸ ಸಿಕ್ಕ ಮೇಲೆ ನಾನೇ ಹೇಳಿ ಎಲ್ಲರನ್ನೂ ನಗಿಸುತ್ತೇನೆ.

ಆ ಕುರ್ಚಿಯ ಮೇಲೆ ಒಂದು ಸಲ ಕುಳಿತು ತಿರುಗಿದೆ, ಯಾರೂ ನೋಡಲಿಲ್ಲ.

ನಿನ್ನ
ತರಲೆ


ಫೆಬ್ರವರಿ ೨೦

ದೊಡ್ಡಮ್ಮನಿಗೆ ನಮಸ್ಕಾರ.

ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನ ಬೆನ್ನುನೋವು ಕಡಿಮೆಯಾಗಿದೆ. ಕೆಲಸದ ವಿಷಯ ಹೊಸದೇನೂ ಇಲ್ಲ, ಬೇರೆ ಕಡೆಗಳಲ್ಲೂ ಕೇಳುತ್ತಿದ್ದೇನೆ. ನಿನ್ನ ಕಣ್ಣಿನ ಪರೀಕ್ಷೆ ಮಾಡಿಸಿಕೊಂಡೆಯಾ? ಅಮ್ಮ ಕೇಳುತ್ತಿದ್ದಾಳೆ. ಆದಷ್ಟು ಬೇಗ ಹೋಗು.

ಮಾವನ ಅಂಗಡಿಗೆ ಹೊಸ ಟೈಲ್ಸ್ ಬಂದಿವೆಯಂತೆ.

ನಿನ್ನ ಮಗಳು


ಮಾರ್ಚ್ ೬

ಎಲೇ ತರಲೆ, ಕಳ್ಳೀ!

ನಿನ್ನ ಹೋದ ಪತ್ರ ನೋಡಿ ನಿನಗೆ ಜ್ವರ ಎಂದುಕೊಂಡಿದ್ದೆ. ಉಪ್ಪಿಲ್ಲ, ಹುಳಿಯಿಲ್ಲ, ಒಂದು ತಮಾಷೆ ಇಲ್ಲ, ಕೆಳಗೆ ‘ತರಲೆ’ ಎಂಬ ಸಹಿಯೂ ಇಲ್ಲ. ಈಗ ತಿಳಿಯಿತು ನಿನ್ನ ಗುಟ್ಟು! ನಾನೇ ಕಂಡು ಬೆರಗಾಗಲಿ ಎಂದು ಬಾಯಿ ಹೊಲಿದುಕೊಂಡಿದ್ದೆ, ಅಲ್ಲವಾ?

ಕೇಳು. ಇವತ್ತು ಬೆಳಿಗ್ಗೆ ಕಣ್ಣಿನ ಆಸ್ಪತ್ರೆಗೆ ಹೋದೆ. ಚೀಟಿ ಹಿಡಿದು ಸಾಲು ಕುರ್ಚಿಗಳಲ್ಲಿ ಕುಳಿತಿದ್ದೆ. ಗೋಡೆಯ ಮೇಲೆ ಟಿವಿ. ರೋಗಿಗಳಿಗೆ ತೊಂದರೆಯಾಗುತ್ತದೆಂದು ಶಬ್ದ ನಿಲ್ಲಿಸಿರುತ್ತಾರಂತೆ. ಅಂದರೆ ಅಲ್ಲಿ ಎಲ್ಲರೂ ನನ್ನ ಹಾಗೆಯೇ. ಟೂತ್‌ಪೇಸ್ಟ್ ಬಂತು, ಹಾಸಿಗೆ ಬಂತು, ಆಮೇಲೆ ಬೂಟು ಕಚ್ಚುವವನು ಬಂದ! ಟಾಟಾ ಮಾಡಿದ! ನಾನು ಕುರ್ಚಿಯ ತುದಿಗೆ ಬಂದೆ. ಅಜ್ಜಿ ಒಳಗೆ ಬಂದಳು. ಬಾಗಿಲು. ಬೀಗ. ಕೈ!

ನನ್ನ ಕೈ ಕಣೇ! ಗೋಡೆಯಗಲ! ಸೊಟ್ಟ ಕಿರುಬೆರಳು ಒಂದು ಮೊಳ ಉದ್ದ!

ಎದ್ದು ನಿಂತು “ನನ್ನ ಕೈ! ನನ್ನ ಕೈ!” ಎಂದೆನಂತೆ. ನನ್ನ ದನಿ ಎಷ್ಟು ದೊಡ್ಡದಾಗಿ ಬರುತ್ತದೆಂದು ನನಗೆ ತಿಳಿಯುವುದಿಲ್ಲ, ನಿನಗೆ ಗೊತ್ತು. ನರ್ಸ್ ಓಡಿ ಬಂದು ನನ್ನ ಮುಂದೆ ಬಾಯಿ ಅಗಲಿಸಿ ಹೇಳಿದಳು, “ಅಮ್ಮ, ಇದು ಕಣ್ಣಿನ ಆಸ್ಪತ್ರೆ. ಕೈಗೆ ಪಕ್ಕದ ಬೀದಿಗೆ ಹೋಗ್ಬೇಕು.” ನಾನು ಟಿವಿ ತೋರಿಸಿದೆ, ಅಷ್ಟರಲ್ಲಿ ಬಿಸ್ಕತ್ತು ಬಂದಿತ್ತು. ಒಳಗಿದ್ದ ಡಾಕ್ಟರೂ ಹೊರಗೆ ಬಂದರು. ಎಲ್ಲರನ್ನೂ ಕೂರಿಸಿ, ಇನ್ನೊಂದು ಸುತ್ತು ಬರಲಿ ನೋಡಿ ಎಂದೆ. ಬಂತು. ನಾನು ಕೈಯನ್ನು ಟಿವಿಯ ಪಕ್ಕ ಎತ್ತಿ ಹಿಡಿದೆ. ಕಣ್ಣಿಗೆ ಔಷಧಿ ಹಾಕಿಸಿಕೊಂಡವರು ಕೂಡ ಇಣುಕಿ ನೋಡಿದರು. ಒಬ್ಬ ಮುದುಕರು ಕೈ ಕುಲುಕಿದರು. ನನ್ನ ಸರದಿ ತಪ್ಪಿಹೋಯಿತು, ಕನ್ನಡಕ ಇನ್ನೂ ಆಗಿಲ್ಲ, ಹಾಳಾಗಲಿ.

ಶನಿವಾರ ಪಾರ್ಕಿನಲ್ಲಿ ಗಿರಣಿಯ ಗೆಳತಿಯರಿಗೆ ಹೇಳುತ್ತೇನೆ. ನಮ್ಮ ಹುಡುಗಿ ಕೆಲಸಕ್ಕೆ ಸೇರಿದಳು, ನನ್ನ ಕೈಯನ್ನೂ ಸೇರಿಸಿದಳು ಎಂದು. ಕುರ್ಚಿ ಹೇಗಿದೆ? ಅಪ್ಪ ಏನೆಂದರು? ಎಲ್ಲ ಬರೆ. ಸಣ್ಣ ಪತ್ರ ಬರೆದರೆ ಹರಿದು ವಾಪಸ್ ಕಳಿಸುತ್ತೇನೆ.

ಇಂತಿ, ಟಿವಿಯಲ್ಲಿ ಬಂದ
ದೊಡ್ಡಮ್ಮ


ಮಾರ್ಚ್ ೧೦

ದೊಡ್ಡಮ್ಮ,

ನಿನ್ನ ಪತ್ರ ಓದಿ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ನನಗೆ ಕೆಲಸ ಸಿಕ್ಕಿಲ್ಲ. ಫೆಬ್ರವರಿ ಮೊದಲ ವಾರವೇ ಚೀಫ್ ಒಂದು ಸಾಲು ಕಳಿಸಿದ್ದರು. ‘ನಿಮ್ಮ ಕೆಲಸ ನಮ್ಮ ಮಟ್ಟಕ್ಕೆ ಇಲ್ಲ, ಶುಭವಾಗಲಿ.’ ನಿನ್ನ ಕೈಯ ಶಾಟನ್ನು ತೆಗೆಯದೆ ಕೊಟ್ಟದ್ದರಿಂದಲೇ ಹೀಗಾಯಿತು, ಫೋನಿನಲ್ಲಿ ತೆಗೆದದ್ದನ್ನು ಸೇರಿಸಿದ ಹುಡುಗಿಗೆ ಏನು ತಿಳಿಯುತ್ತದೆ ಎಂದುಕೊಂಡರು ಎಂದೇ ನಾನು ನಂಬಿದ್ದೆ. ನಿನಗೆ ಹೇಗೆ ಹೇಳಲಿ? ನಿನ್ನ ಕೈಯಿಂದ ಕೆಲಸ ಹೋಯಿತು ಎಂದು ಬರೆಯಲೇ? ಅದಕ್ಕೇ ಆ ಸಪ್ಪೆ ಪತ್ರ.

ಈಗ ಅದೇ ಕೈ ಗೋಡೆಯಗಲ! ಇವತ್ತು ರೈಲ್ವೆ ನಿಲ್ದಾಣಕ್ಕೆ ಓಡಿದೆ. ಅಲ್ಲಿಯ ವೇಟಿಂಗ್ ಹಾಲ್‌ನಲ್ಲಿ ಇಂಥ ಪರದೆ ಇದೆ ಎಂದು ಗೊತ್ತಿತ್ತು. ಅಲ್ಲೂ ಶಬ್ದವಿಲ್ಲ. ಬಂತು ದೊಡ್ಡಮ್ಮ! ನಾನು ಕತ್ತರಿಸಿದ ಹಾಗೆಯೇ, ಒಂದು ಕೂದಲೆಳೆ ಬದಲಾಗಿಲ್ಲ. ಕೊನೆಗೆ ಬೀಗದ ಹೆಸರೊಂದನ್ನು ಅಂಟಿಸಿದ್ದಾರೆ, ಅಷ್ಟೇ. ನಿನ್ನ ಅಂಗೈ ಬಾಗಿಲ ಮೇಲೆ ಕೂತಾಗ ಪಕ್ಕದಲ್ಲಿದ್ದ ಹೆಂಗಸು ತನ್ನ ಮಗುವಿಗೆ ಬಿಸ್ಕತ್ತು ಕೊಡುವುದನ್ನು ಬಿಟ್ಟು ನೋಡಿದಳು. ಅಷ್ಟು ಚೆನ್ನಾಗಿದೆ! ನಾನೇ ಹೇಳಬಾರದು, ಆದರೆ ಇನ್ನಾರೂ ಹೇಳುವುದಿಲ್ಲವಲ್ಲ.

ಖುಷಿಯಿಂದ ಕುಣಿಯಲೋ, ನಾಲ್ಕನೇ ಮಹಡಿಯ ಗಾಜಿಗೆ ಕಲ್ಲು ಹೊಡೆಯಲೋ? ಮಟ್ಟಕ್ಕೆ ಇಲ್ಲದ್ದನ್ನು ಊರಿಗೆಲ್ಲ ತೋರಿಸುತ್ತಾರಾ? ನೇರವಾಗಿ ಅಲ್ಲಿಗೆ ಹೋದೆ. ಮುಂದಿನ ಮೇಜಿನವಳು ‘ಚೀಫ್ ಮೀಟಿಂಗ್‌ನಲ್ಲಿದ್ದಾರೆ’ ಎಂದು ವಾಪಸ್ ಕಳಿಸಿದಳು. ಅದು ನಾನು ಮಾಡಿದ್ದು ಎಂದರೆ, “ಪ್ರೂಫ್ ಏನಿದೆ?” ಎಂದಳು. ಮೂಲ ಚಿತ್ರಗಳೆಲ್ಲ ಅವರ ಹಾರ್ಡ್ ಡಿಸ್ಕ್‌ನಲ್ಲಿವೆ. ಫೋನಿನಲ್ಲಿದ್ದ ನಿನ್ನ ಕೈಯನ್ನೂ ಜಾಗ ಸಾಲದೆಂದು ಎಂದೋ ಅಳಿಸಿದ್ದೆ, ನನ್ನ ಹತ್ತಿರ ಏನೂ ಇಲ್ಲ.

ಅಪ್ಪನಿಗೆ ಹೇಳಿಲ್ಲ. ಹೇಳಿದರೆ ನಾಳೆಯೇ ಟೈಲ್ಸ್.

ತರಲೆ


ಮಾರ್ಚ್ ೧೩

ತರಲೆ,

ಏನೂ ಇಲ್ಲ ಎಂದು ಯಾಕೆ ಬರೆದೆ? ಮಂಗಳವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ನಿಲ್ದಾಣಕ್ಕೆ ಬಾ. ಕೈಯನ್ನು ಜೊತೆಗೇ ತರುತ್ತೇನೆ.

ದೊಡ್ಡಮ್ಮ


ಮಾರ್ಚ್ ೨೧

ದೊಡ್ಡಮ್ಮ,

ನೀನು ಕೇಳಿದ ಹಾಗೆ ಮೊದಲಿನಿಂದ ಕೊನೆಯವರೆಗೂ ಬರೆಯುತ್ತಿದ್ದೇನೆ. ನೀನೇ ಅಲ್ಲಿದ್ದೆ, ಆದರೂ ಗೆಳತಿಯರಿಗೆ ಓದಿ ತೋರಿಸಬೇಕಂತೆ, ಜೊತೆಗೆ ಚೀಫ್ ಮುಖ ತಿರುಗಿಸಿಕೊಂಡಾಗ ಹೇಳಿದ್ದೆಲ್ಲ ನಿನಗೆ ಬೇಕಂತೆ.

ಮುಂದಿನ ಮೇಜಿನವಳು ‘ಅಪಾಯಿಂಟ್‌ಮೆಂಟ್ ಇದೆಯಾ’ ಎಂದಳು. ನೀನು, “ನಾನು ನಿಮ್ಮ ಬೀಗದ ಸಿನಿಮಾದ ಕೈ!” ಎಂದೆ. ಎಷ್ಟು ಜೋರಾಗಿ ಎಂದರೆ, ಗಾಜಿನ ಕೋಣೆಯಲ್ಲಿದ್ದ ಹೆಡ್‌ಫೋನ್ ಅಣ್ಣ ತಿರುಗಿ ನೋಡಿದರು. ಶಬ್ದವೇ ಹೋಗದ ಕೋಣೆಗೆ ಶಬ್ದ ಕಳಿಸಿದೆ ನೀನು! ಚೀಫ್ ಹೊರಗೆ ಬಂದು, ಆ ಶಾಟನ್ನು ಎಲ್ಲಿಂದಲೋ ಕೊಂಡು ತಂದದ್ದು ಎಂದರು. ನೀನು ನೇರವಾಗಿ ಹೋಗಿ, ಗೋಡೆಯಲ್ಲಿ ಅವರ ಚಿತ್ರಗಳು ಓಡುತ್ತಿದ್ದ ಟಿವಿಯ ಕೆಳಗೆ ನಿಂತು ಕಾದೆ. ಬೀಗ ಬಂದಾಗ ಕೈ ಎತ್ತಿ ಪಕ್ಕಕ್ಕೆ ಹಿಡಿದೆ. ಸೊಟ್ಟ ಬೆರಳಿನ ಪಕ್ಕ ಸೊಟ್ಟ ಬೆರಳು. “ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರೀ?” ಎಂದೆ. ಆಫೀಸಿಗೆ ಆಫೀಸೇ ಎದ್ದು ನಿಂತಿತ್ತು ದೊಡ್ಡಮ್ಮ. ನನಗೆ ಶಿಳ್ಳೆ ಹೊಡೆಯಬೇಕೆನ್ನಿಸಿತು.

ಆಗ ಅವರು ಕಿಟಕಿಯ ಕಡೆ ತಿರುಗಿದರಲ್ಲ, ಆಗ ಹೇಳಿದ್ದು ಇದು. “ಟ್ರಯಲ್‌ನಲ್ಲಿ ಮಾಡಿದ್ದೆಲ್ಲ ಕಂಪನಿಗೇ ಸೇರುತ್ತೆ. ಎಲ್ಲ ಕಡೆ ಇರೋದೇ. ಆದ್ರೂ ಹುಡುಗಿ ಚೆನ್ನಾಗಿ ಮಾಡಿದ್ಲು, ಇಲ್ಲ ಅನ್ನಲ್ಲ.” ಆಮೇಲೆ ಗಾಜಿನ ಕೋಣೆಗೆ ಹೋಗಿ ಹೆಡ್‌ಫೋನ್ ಅಣ್ಣನ ಜೊತೆ ಮಾತಾಡಿ, ನಗುಮುಖ ಮಾಡಿಕೊಂಡು ಹೊರಗೆ ಬಂದರು. ನನಗೆ ಹೇಳಿದರು, “ನಾಳೆಯಿಂದ ಬಾ. ಒಂದು ತಿಂಗಳು ಟ್ರಯಲ್, ಆಮೇಲೆ ಪರ್ಮನೆಂಟ್.” ನಿನಗೆ ಹೇಳಿದರು, “ಅಮ್ಮ, ನಿಮ್ಮ ಕೈಯೂ ಬೇಕಾಗುತ್ತೆ. ನೀವೂ ಒಂದು ದಿನ ಟ್ರಯಲ್‌ಗೆ ಬನ್ನಿ.”

ನೀನು ಮೇಜು ಕುಟ್ಟಿದೆ. “ಟ್ರಯಲ್ ಆಗಿಹೋಗಿದೆ ಸ್ವಾಮಿ! ನಂದೂ ಆಗಿದೆ, ಇವಳದ್ದೂ ಆಗಿದೆ. ಊರೆಲ್ಲ ನೋಡ್ತಾ ಇದೆ!” ಎಂದವಳೇ ನನ್ನ ರಟ್ಟೆ ಹಿಡಿದು ನಾಲ್ಕು ಮಹಡಿ ಇಳಿಸಿಬಿಟ್ಟೆ. ಬಸ್ ಹೊರಡುವವರೆಗೂ ನಾವಿಬ್ಬರೂ ನಕ್ಕಿದ್ದೇ ನಕ್ಕಿದ್ದು.

ಆದರೆ ಒಂದು ಮಾತು ಒಳಗೇ ಕೊರೆಯುತ್ತಿದೆ, ನಿನ್ನ ಹತ್ತಿರ ಬಚ್ಚಿಟ್ಟರೆ ಮತ್ತೆ ಸಪ್ಪೆ ಪತ್ರವಾಗುತ್ತದೆ. ಮನೆಗೆ ಬಂದ ಮೇಲೆ ನಿನ್ನ ಮೇಲೆ ಸಿಟ್ಟು ಬಂತು. ಪರ್ಮನೆಂಟ್ ಎಂದಿದ್ದರು ದೊಡ್ಡಮ್ಮ. ಒಂದೇ ತಿಂಗಳು. ನಾನು ‘ಹೂಂ’ ಎನ್ನುವವಳಿದ್ದೆ. ಏಪ್ರಿಲ್ ಹತ್ತಿರ ಬರುತ್ತಿದೆ. ಆ ಕುರ್ಚಿಯನ್ನು ನಾವೇ ಕಾಲಿಂದ ಒದ್ದು ಬಂದೆವೇನೋ ಎನ್ನಿಸುತ್ತಿದೆ.

ಬೈಯಬೇಡ.

ತರಲೆ


ಮಾರ್ಚ್ ೨೬

ಮಗಳೇ,

ಬೈಯುವುದಿಲ್ಲ. ನೀನು ‘ಹೂಂ’ ಎನ್ನುವವಳಿದ್ದೆ ಎಂದು ನನಗೆ ಆಗಲೇ ಗೊತ್ತಿತ್ತು. ತುಟಿ ಕೂಡುತ್ತಿದ್ದದ್ದನ್ನು ಕಂಡೆ. ಅದಕ್ಕೇ ನಿನಗಿಂತ ಮೊದಲು ನಾನು ಮೇಜು ಕುಟ್ಟಿದ್ದು.

ನೀನು ನನಗೆ ಕೇಳಿಸದ್ದನ್ನು ಬರೆದೆ. ಈಗ ನಿನಗೆ ಕಾಣದ್ದನ್ನು ನಾನು ಬರೆಯುತ್ತೇನೆ. ಚೀಫ್ ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರಲ್ಲ. ನೀನು ಆಗ ಆ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದೆ. ನಾನು ಅವರ ಬಾಯಿ ನೋಡುತ್ತಿದ್ದೆ. ಹೊರಗೆ ಕೇಳಿಸುವುದಿಲ್ಲ ಎಂಬ ಧೈರ್ಯಕ್ಕೆ ಅಗಲವಾಗಿ ಬಾಯಿ ಬಿಟ್ಟು ಮಾತಾಡಿದರು ಪುಣ್ಯಾತ್ಮ, ಒಂದಕ್ಷರ ತಪ್ಪಲಿಲ್ಲ ನನಗೆ. ಹೇಳಿದ್ದು ಇದು. “ಬೀಗದವರಿಗೆ ಮುಂದಿನ ಫಿಲ್ಮುಗಳೆಲ್ಲ ಇದೇ ಥರ ಬೇಕಂತೆ. ಇವಳನ್ನ ಒಂದು ತಿಂಗಳು ಟ್ರಯಲ್ ಅಂತ ಇಟ್ಕೊಂಡ್ರೆ ಎಲ್ಲ ಮುಗಿದುಹೋಗುತ್ತೆ. ಆಮೇಲೆ ಮಟ್ಟಕ್ಕೆ ಇಲ್ಲ ಅಂದ್ರಾಯ್ತು.”

ನಿನ್ನ ಹೆಡ್‌ಫೋನ್ ಅಣ್ಣ ಎರಡೂ ಕಿವಿಯಿಂದ ಹೆಡ್‌ಫೋನ್ ತೆಗೆದು, “ಬೇಡ ಸರ್, ಪಾಪ” ಎಂದ. ಚೀಫ್ ಅವನ ಬೆನ್ನು ತಟ್ಟಿ ಹೊರಗೆ ಬಂದರು, ನಗುಮುಖ ಮಾಡಿಕೊಂಡು. ನಿನ್ನ ಮೂಗಿಗೆ ತುಪ್ಪ ಸವರಲು.

ನನ್ನ ಕಿವಿ ಕೇಳುವುದಿಲ್ಲ, ನಿಜ. ಹಾಗೆಂದು ಕಿವಿಯ ಮೇಲೆ ಹೂವಿಡಿಸಿಕೊಂಡು ಬರುವವಳಲ್ಲ.

ಅಲ್ಲೇ ಯಾಕೆ ಹೇಳಲಿಲ್ಲ ಎನ್ನುತ್ತೀಯ. ಬಸ್ ನಿಲ್ದಾಣದಲ್ಲಿ ನೀನು ಅಷ್ಟು ನಗುತ್ತಿದ್ದೆ. ಒಂದು ತಿಂಗಳಿಂದ ನಗದವಳು. ನನಗೆ ಬಾಯಿ ಬರಲಿಲ್ಲ. ಮನೆಗೆ ಬಂದ ಮೇಲೆ ನನಗೂ ನಿದ್ದೆ ಇಲ್ಲ. ನಾನು ಸರಿಯಾಗಿ ಓದಿದೆನೋ, ಇಲ್ಲ ಮುದುಕಿಯ ಭ್ರಮೆಯೋ, ಮಗುವಿನ ಕೆಲಸವನ್ನು ನಾನೇ ಕಿತ್ತುಕೊಂಡೆನೋ ಎಂದು. ಕನ್ನಡಕ ಬೇರೆ ಹಳೆಯದು. ಹೆಡ್‌ಫೋನ್ ಅಣ್ಣನನ್ನು ಒಂದು ಮಾತು ಕೇಳು. ನಾನು ತಪ್ಪಿದ್ದರೆ ನಾನೇ ಬಂದು ಆ ಚೀಫ್ ಹತ್ತಿರ ಕ್ಷಮೆ ಕೇಳುತ್ತೇನೆ. ಕಷ್ಟ, ಆದರೂ ಕೇಳುತ್ತೇನೆ.

ಪಾರ್ಕಿನಲ್ಲಿ ನಿನ್ನ ಪತ್ರ ಓದಿದೆ, ಕೊನೆಯ ಭಾಗ ಬಿಟ್ಟು.

ಇಂತಿ
ದೊಡ್ಡಮ್ಮ


ಏಪ್ರಿಲ್ ೨೭

ದೊಡ್ಡಮ್ಮಾ, ದೊಡ್ಡಮ್ಮಾ, ದೊಡ್ಡಮ್ಮಾ!

ಕುಳಿತುಕೋ. ಈ ಸಲ ನಿಜವಾಗಿಯೂ ಕುಳಿತುಕೋ. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಎಷ್ಟು ಬೇಕಾದರೂ ಬೈಯಿ. ಪಕ್ಕಾ ಆಗದೆ ನಿನಗೆ ಬರೆಯುವುದಿಲ್ಲ ಎಂದು ಹಟ ಹಿಡಿದಿದ್ದೆ.

ನೀನು ಒಂದಕ್ಷರವನ್ನೂ ತಪ್ಪು ಓದಿಲ್ಲ. ನಿನ್ನ ಪತ್ರ ಬಂದ ಮರುದಿನ ಆಫೀಸಿನ ಕೆಳಗಿನ ಟೀ ಅಂಗಡಿಯಲ್ಲಿ ಹೆಡ್‌ಫೋನ್ ಅಣ್ಣನನ್ನು ಹಿಡಿದೆ. ನೀನು ಬರೆದದ್ದನ್ನು ಓದಿದೆ. ಅವರ ಕೈಯಲ್ಲಿದ್ದ ಟೀ ಚೆಲ್ಲಿತು. “ಗಾಜಿನ ಹೊರಗಿಂದಾನಾ? ಅಯ್ಯೋ, ಈ ಆಫೀಸಲ್ಲಿ ನಾನು ಇನ್ನೂ ಏನೇನು ಮಾತಾಡಿದ್ದೀನೋ!” ಎಂದರು. ಆಮೇಲೆ ಒಂದು ವಿಳಾಸ ಹೇಳಿದರು. ಆಸ್ಪತ್ರೆಗಳ ವೇಟಿಂಗ್ ಹಾಲ್‌ಗಳಿಗೆ ಸಣ್ಣ ಚಿತ್ರ ಮಾಡುವವರು, ಔಷಧಿ ಹೇಗೆ ಹಾಕಿಕೊಳ್ಳಬೇಕು, ಕೈ ಹೇಗೆ ತೊಳೆಯಬೇಕು ಎಂಬಂಥವು. ಶಬ್ದವಿಲ್ಲದೆಯೇ ಅರ್ಥವಾಗಬೇಕು. “ನಿನಗೆ ಹೇಳಿ ಮಾಡಿಸಿದ ಹಾಗಿದೆ, ಹೋಗು” ಎಂದರು.

ಹೋದೆ. ಒಂದು ಹಳೆಯ ಕಟ್ಟಡ, ಎರಡು ಕೋಣೆ, ಗಾಜು ಗೀಜು ಏನೂ ಇಲ್ಲ. ನಡೆಸುವವರು ಒಬ್ಬ ಮೇಡಮ್, ಊರಲ್ಲಿರಲಿಲ್ಲ, ಮೂರು ವಾರ ಅಲೆದ ಮೇಲೆ ಸಿಕ್ಕರು. ತಲೆಯ ಮೇಲೊಂದು ಕನ್ನಡಕ, ಮೂಗಿನ ಮೇಲೊಂದು ಕನ್ನಡಕ. ಎಲ್ಲ ಕೇಳಿ, “ಸರಿ, ಮೊದಲು ಒಂದು ಸಣ್ಣ ಟ್ರಯಲ್ ಮಾಡಿ…” ಎಂದರು.

ಏಪ್ರಿಲ್ ಮುಗಿಯುತ್ತ ಬಂದಿತ್ತು ದೊಡ್ಡಮ್ಮ! ಮಾವ ಕೌಂಟರ್ ಒರೆಸಿ ಇಟ್ಟಿದ್ದಾರಂತೆ. ಒಂದು ‘ಹೂಂ’ ಎಂದರೆ ಮುಗಿಯಿತು. ತುಟಿ ಕೂಡುವುದರೊಳಗೆ ನಾನೇ ಹೇಳಿಬಿಟ್ಟೆ, “ನನ್ನ ಟ್ರಯಲ್ ಆಗಿಹೋಗಿದೆ ಮೇಡಮ್. ರೈಲ್ವೆ ಸ್ಟೇಷನ್ ವೇಟಿಂಗ್ ಹಾಲ್‌ನಲ್ಲಿ ಓಡ್ತಾ ಇದೆ.”

ಅವರು ನನ್ನನ್ನು ನೋಡಿದರು. ಮೂಗಿನ ಮೇಲಿನ ಕನ್ನಡಕ ತೆಗೆದು ನೋಡಿದರು. ಈಗ ಹೊರಗೆ ಹೋಗು ಎನ್ನುತ್ತಾರೆ ಎಂದುಕೊಂಡೆ. ಬ್ಯಾಗ್ ಎತ್ತಿಕೊಂಡು, “ನಡಿ, ನೋಡೋಣ” ಎಂದರು.

ಸ್ಟೇಷನ್ನಿನಲ್ಲಿ ಸೂಟ್‌ಕೇಸುಗಳ ನಡುವೆ ಇಬ್ಬರೂ ಕುಳಿತೆವು. ಟೂತ್‌ಪೇಸ್ಟ್, ಹಾಸಿಗೆ, ಆಮೇಲೆ ನಮ್ಮದು. ನಾನು ಪರದೆ ನೋಡಲಿಲ್ಲ, ಮೇಡಮ್ಮನ್ನು ನೋಡುತ್ತಿದ್ದೆ. ನಿನ್ನ ಅಂಗೈ ಬಂದಾಗ ಅವರ ಕೈ ತನ್ನಷ್ಟಕ್ಕೆ ಬ್ಯಾಗಿನ ಮೇಲೆ ಅಗಲವಾಗಿ ಕುಳಿತಿತು.

“ಆ ಕೈ ಯಾರದು?”

“ನಮ್ಮ ದೊಡ್ಡಮ್ಮಂದು.”

“ಬಾಗಿಲ ಮೇಲೆ ಯಾಕಿಟ್ಟಿದ್ದಾರೆ?”

ಹೇಳಿದೆ. ಗಿರಣಿ, ಮಗ್ಗ, ಕಿವಿ, ಅಂಗೈಗೆ ಬೀಳುವ ಪೆಟ್ಟು, ಎಲ್ಲ. ಇನ್ನೊಂದು ಸುತ್ತು ಬರುವವರೆಗೂ ಅವರು ಏಳಲಿಲ್ಲ. ಮತ್ತೆ ನೋಡಿದರು. ಎದ್ದು ಸೀರೆ ಸರಿಮಾಡಿಕೊಂಡು, “ಸೋಮವಾರ ಬಾ. ಮೊದಲ ದಿನದಿಂದಲೇ ಸಂಬಳ. ಆ ಕಂಪನಿಗೆ ಒಂದು ಬಿಲ್ಲು ಕಳಿಸು, ನಾಚಿಕೊಳ್ಬೇಡ” ಎಂದರು. ಕಳಿಸಿದ್ದೇನೆ. ಅದರಲ್ಲಿ ಮೊದಲ ಸಾಲು ನಿನ್ನ ಕೈಯದು, ಎರಡನೆಯದು ನನ್ನದು. ಚೀಫ್ ಉತ್ತರಿಸಿಲ್ಲ. ಉತ್ತರಿಸುವವರೆಗೂ ಪ್ರತಿ ವಾರ ಕಳಿಸುತ್ತೇನೆ, ನಾನು ಯಾರ ಮಗಳು!

ಅಪ್ಪನಿಗೆ ಎಲ್ಲ ಹೇಳಿದೆ. ‘ಹೂಂ’ ಎಂದರು, ಅಷ್ಟೇ. ಮರುದಿನ ಅಮ್ಮ ಬಟ್ಟೆ ಒಗೆಯಲು ತೆಗೆದಾಗ ಅಪ್ಪನ ಶರ್ಟಿನ ಜೇಬಿನಲ್ಲಿ ಪ್ಲಾಟ್‌ಫಾರ್ಮ್ ಟಿಕೆಟ್ ಸಿಕ್ಕಿತು. ಯಾರನ್ನೂ ಕಳಿಸಲು ಹೋಗಿರಲಿಲ್ಲ. ಸಂಜೆ ಮಾವನಿಗೆ ಫೋನ್ ಮಾಡಿ, ಬೇರೆ ಯಾರನ್ನಾದರೂ ನೋಡಿಕೋ ಎಂದರು. ಅಮ್ಮ ಅಡುಗೆಮನೆಯಲ್ಲಿ ನಿಂತು ಅತ್ತಳು, ನಾನು ಅವಳನ್ನು ತಬ್ಬಿಕೊಂಡು ಕುಣಿಸಿದೆ, ಬೆನ್ನು ಮತ್ತೆ ಹಿಡಿದುಕೊಂಡಿದೆ.

ಇವತ್ತು ಸೋಮವಾರ, ಮೊದಲ ದಿನ. ನನ್ನ ಕುರ್ಚಿಯ ಚಕ್ರ ಕೀಚಲಿಡುತ್ತದೆ, ಒಂದು ಕಾಲು ಕುಂಟು. ಎಷ್ಟು ಚೆನ್ನಾಗಿದೆ ಗೊತ್ತಾ! ಸಂಜೆ ಮೇಡಮ್ ಬೇಗ ಹೊರಡಬೇಕಿತ್ತು. ಕೀಲಿಕೈ ನನ್ನ ಕೈಗೆ ಹಾಕಿ, “ಬೀಗ ಸರಿಯಾಗಿ ಹಾಕು, ಹಳೇ ಬಾಗಿಲು” ಎಂದು ಹೋದರು.

ಲೈಟು ಆರಿಸಿ ಹೊರಗೆ ಬಂದೆ. ಕೆಳಗೆ ರಸ್ತೆಯ ತುಂಬ ಬಸ್ಸು, ಲಾರಿ, ಹಾರ್ನು, ತಲೆ ಚಿಟ್ಟು ಹಿಡಿಯುವಷ್ಟು ಗದ್ದಲ. ಕೀಲಿ ತಿರುಗಿಸಿದೆ. ಏನೂ ಕೇಳಿಸಲಿಲ್ಲ. ಮತ್ತೆ ತೆಗೆದು, ಎಡಗೈಯನ್ನು ಬಾಗಿಲ ಮೇಲೆ ಅಗಲವಾಗಿ ಇಟ್ಟು, ನಿಧಾನವಾಗಿ ತಿರುಗಿಸಿದೆ.

ಬಿತ್ತು ದೊಡ್ಡಮ್ಮ. ಅಂಗೈಗೆ ಗೊತ್ತಾಯಿತು.

ನಿನ್ನ
ತರಲೆ